ಸೆಲ್ಫ್ ತಗೊಳ್ತಿಲ್ಲ ಅಂದ ಮಾತ್ರಕ್ಕೆ ಬ್ಯಾಟರಿ ಹೋಗಿದೆ ಅಂತಲ್ಲ

ದಾವಣಗೆರೆಲಿ ಯಾವ ಬ್ಯಾಟರಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತ್ರೂ ಈ ಮಾತು ಕಿವಿಗೆ ಬೀಳುತ್ತೆ: "ಸೆಲ್ಫ್ ತಗೊಳ್ತಿಲ್ಲಣ್ಣ, ಬ್ಯಾಟರಿ ಹೋಗೈತೆ, ಹೊಸದು ಹಾಕ್ಕೊಡು." ಅಂಗಡಿಯವರು ಹಾಕ್ಕೊಡ್ತಾರೆ, ಅವರ ಕೆಲಸ ಅದು. ಗಾಡಿ ಸ್ಟಾರ್ಟೂ ಆಗುತ್ತೆ, ಯಾಕಂದ್ರೆ ಹೊಸ ಬ್ಯಾಟರಿ ಫುಲ್ ಚಾರ್ಜ್ ಇರುತ್ತಲ್ಲ. ಆದ್ರೆ ತೊಂದರೆ ಬ್ಯಾಟರಿದಲ್ಲ, ಅದನ್ನ ಚಾರ್ಜ್ ಮಾಡೋ ಕಡೆದು ಅಂದ್ರೆ ಎರಡು ತಿಂಗಳಿಗೋ ಮೂರು ತಿಂಗಳಿಗೋ ಮತ್ತೆ ಅದೇ ಕಥೆ, ಮತ್ತೆ ಅದೇ ಅಂಗಡಿ, ಈ ಸಲ ಜಗಳ ಬೇರೆ. ಅದಕ್ಕೇ ಬ್ಯಾಟರಿ ಒಳಗೆ ಏನಿದೆ, ಸೆಲ್ಫ್ ಒತ್ತಿದಾಗ ಏನಾಗುತ್ತೆ, ಎಲ್ಲೆಲ್ಲಿ ಕೈ ಕೊಡುತ್ತೆ ಅಂತ ಬುಡದಿಂದ ಹೇಳ್ತಾ ಹೋಗ್ತೀನಿ.

ಕಿಕ್ಕರ್ ಇದ್ದಾಗ ಇಲ್ಲದ ತಲೆನೋವು ಈಗ್ಯಾಕೆ

ಹಳೇ 100 ಸಿಸಿ ಗಾಡಿಗಳಲ್ಲಿ ಬ್ಯಾಟರಿ ಇದ್ದದ್ದು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಇಷ್ಟಕ್ಕೇ. ಪ್ಲಗ್‌ಗೆ ಬೇಕಾದ ಕಿಡಿ ಎಂಜಿನ್ ಪಕ್ಕದ ಮ್ಯಾಗ್ನೆಟ್ ಕಾಯಿಲ್‌ನಿಂದ ಸೀದಾ ಬರ್ತಿತ್ತು, ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟೂ ಅದರಿಂದ್ಲೇ ಉರಿತಿತ್ತು, ಅದಕ್ಕೇ ರೇಸ್ ಕೊಟ್ರೆ ಬೆಳಕು ಜೋರು, ಬಿಟ್ರೆ ಮಂಕು. ಹಂಗಾಗಿ ಬ್ಯಾಟರಿ ಪೂರ್ತಿ ಸತ್ತಿದ್ರೂ ಒಂದು ಕಿಕ್ ಹೊಡೆದು ಹೊಲಕ್ಕೆ ಹೋಗಿ ಬರಬಹುದಿತ್ತು. ವರ್ಷಗಟ್ಲೆ ಬ್ಯಾಟರಿ ಇಲ್ಲದೇನೇ ಓಡಿಸಿದೋರು ನಮ್ಮ ಕಡೆ ಬೇಕಾದಷ್ಟು ಜನ ಇದಾರೆ.

ಆಮೇಲೆ ಎರಡು ಬದಲಾವಣೆ ಬಂತು. 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರ್‌ಗಳಿಗೆ ಎಂಜಿನ್ ಆನ್ ಇದ್ದಷ್ಟು ಹೊತ್ತೂ ಹೆಡ್‌ಲೈಟ್ ಉರಿಲೇಬೇಕು ಅನ್ನೋ ನಿಯಮ ಬಂತು, ಅದಕ್ಕೇ ಹೊಸ ಗಾಡಿಗಳಲ್ಲಿ ಲೈಟ್ ಆಫ್ ಮಾಡೋ ಸ್ವಿಚ್ಚೇ ಇರಲ್ಲ. 2020ರ ಏಪ್ರಿಲ್‌ನಿಂದ ಹೊಗೆ ಕಮ್ಮಿ ಮಾಡೋ ಬಿಎಸ್-6 ನಿಯಮ ಬಂತು, ಅದರ ಜೊತೆ ಹೆಚ್ಚುಕಮ್ಮಿ ಎಲ್ಲಾ ಗಾಡಿಗಳಲ್ಲೂ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಕಾರ್ಬೊರೇಟರ್‌ಗೆ ಕರೆಂಟ್ ಬೇಕಿರಲಿಲ್ಲ, ಪೆಟ್ರೋಲ್ ತಾನೇ ಇಳಿತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ತಳ್ಳೋಕೆ ಟ್ಯಾಂಕ್ ಒಳಗೆ ಕರೆಂಟಿನ ಪಂಪ್ ಇರುತ್ತೆ, ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ನಿರ್ಧಾರ ಮಾಡೋಕೆ ಒಂದು ಸಣ್ಣ ಕಂಪ್ಯೂಟರ್ ಇರುತ್ತೆ. ಇವೆರಡಕ್ಕೂ ಬ್ಯಾಟರಿ ಬೇಕು. ಅದರ ಮೇಲೆ ಎಷ್ಟೋ ಮಾಡೆಲ್‌ಗಳಲ್ಲಿ ಕಂಪನಿಯವರು ಕಿಕ್ಕರ್ ತೆಗೆದೇಬಿಟ್ರು. ಈಗ ಬ್ಯಾಟರಿ ಡೌನ್ ಆಯ್ತು ಅಂದ್ರೆ ಗಾಡಿ ಇದ್ದಲ್ಲೇ ನಿಲ್ಲುತ್ತೆ.

ಡಬ್ಬಿ ಒಳಗೆ ಏನಿದೆ

ಇದರ ಐಡಿಯಾ ತುಂಬಾ ಹಳೇದು. ಲೆಡ್-ಆಸಿಡ್ ಬ್ಯಾಟರಿನ 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ, ಇವತ್ತು ನಿಮ್ಮ ಸೀಟ್ ಕೆಳಗೆ ಇರೋದೂ ಮೂಲದಲ್ಲಿ ಅದೇ. ಒಳಗೆ ಆರು ಸೆಲ್ ಸಾಲಾಗಿ ಇರ್ತಾವೆ, ಒಂದೊಂದೂ ಸುಮಾರು 2.1 ವೋಲ್ಟ್, ಆರೂ ಸೇರಿ 12.6ರ ಆಸುಪಾಸು. ಬಾಯಿಮಾತಿಗೆ 12 ವೋಲ್ಟ್ ಅಂತೀವಿ ಅಷ್ಟೇ. ಪ್ರತಿ ಸೆಲ್‌ನಲ್ಲೂ ಸೀಸದ ಪ್ಲೇಟ್‌ಗಳು, ಮಧ್ಯೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್.

ಕರೆಂಟ್ ತೆಗೆದಾಗ ಆಸಿಡ್‌ನಲ್ಲಿರೋ ಸಲ್ಫೇಟ್ ಹೋಗಿ ಪ್ಲೇಟ್ ಮೇಲೆ ಕೂರುತ್ತೆ, ಆಸಿಡ್ ನೀರಾಗ್ತಾ ಬರುತ್ತೆ. ಚಾರ್ಜ್ ಮಾಡಿದಾಗ ಅದೇ ಸಲ್ಫೇಟ್ ಪ್ಲೇಟ್ ಬಿಟ್ಟು ವಾಪಸ್ ಆಸಿಡ್‌ಗೆ ಸೇರುತ್ತೆ. ಬ್ಯಾಟರಿಯ ಜೀವನ ಅಂದ್ರೆ ಇದೇ ಹೋಗೋದು ಬರೋದು. ಒಂದೇ ಷರತ್ತು, ಪ್ಲೇಟ್ ಮೇಲೆ ಕೂತಿರೋ ಸಲ್ಫೇಟನ್ನ ಬೇಗ ಎಬ್ಬಿಸಬೇಕು. ವಾರಗಟ್ಲೆ ಹಂಗೇ ಬಿಟ್ರೆ ಅದು ದಪ್ಪ ಹರಳಾಗಿ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಬಿಡಲ್ಲ. ಇದಕ್ಕೆ ಸಲ್ಫೇಶನ್ ಅಂತಾರೆ. ಬೈಕ್ ಬ್ಯಾಟರಿಗಳು ಬಳಸಿ ಬಳಸಿ ಸವೆದು ಹೋಗೋದಕ್ಕಿಂತ ಅರ್ಧಂಬರ್ಧ ಚಾರ್ಜಲ್ಲೇ ಕೂತು ಕೂತು ಹಿಂಗೆ ಸಾಯೋದೇ ಜಾಸ್ತಿ.

ಬ್ಯಾಟರಿಯಲ್ಲಿ ಈಗ ಎರಡು ಥರ ಸಿಗ್ತಾವೆ. ಮೇಲೆ ಸಣ್ಣ ಮುಚ್ಚಳ ಇದ್ದು ಡಿಸ್ಟಿಲ್ಡ್ ವಾಟರ್ ಹಾಕೋದು ಹಳೇ ಥರದ್ದು. ಮುಚ್ಚಳನೇ ಇಲ್ಲದ್ದು ಹೊಸದು, ಜನ ಅದನ್ನ "ಡ್ರೈ ಬ್ಯಾಟರಿ" ಅಂತಾರೆ. ಅದೇನೂ ಒಣಗಿರಲ್ಲ, ಒಳಗೆ ಅದೇ ಆಸಿಡ್ ಇರುತ್ತೆ, ಗಾಜಿನ ನಾರಿನ ಹಾಳೆ ಅದನ್ನ ಹೀರಿಕೊಂಡು ಹಿಡ್ಕೊಂಡಿರುತ್ತೆ, ಹಂಗಾಗಿ ಚೆಲ್ಲಲ್ಲ.

ವೋಲ್ಟ್, ಆಂಪಿಯರ್, ಎಎಚ್: ಮನೆ ಮೇಲಿನ ಟ್ಯಾಂಕ್ ನೆನೆಸ್ಕೊಳ್ಳಿ

ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ, ಮನೆ ಮೇಲೆ ಟ್ಯಾಂಕ್ ಇಟ್ಕೊಂಡಿರ್ತೀವಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ನೀರು ಎಷ್ಟು ಜೋರಾಗಿ ತಳ್ಳುತ್ತೆ ಅನ್ನೋದು ವೋಲ್ಟ್. ನಲ್ಲಿ ತಿರುಗಿಸಿದಾಗ ಒಂದು ಸೆಕೆಂಡಿಗೆ ಎಷ್ಟು ನೀರು ಬೀಳುತ್ತೆ ಅನ್ನೋದು ಆಂಪಿಯರ್. ಟ್ಯಾಂಕ್ ಒಟ್ಟು ಎಷ್ಟು ದೊಡ್ಡದು ಅನ್ನೋದು ಆಂಪಿಯರ್-ಅವರ್, ಬ್ಯಾಟರಿ ಮೇಲೆ ಬರೆದಿರೋ ಎಎಚ್ ಅದೇ. ದಿನಾ ಓಡಾಡೋ 100-125 ಸಿಸಿ ಗಾಡಿಗಳಲ್ಲಿ, ಸ್ಕೂಟಿಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಎಎಚ್ ಇರುತ್ತೆ, 350 ಸಿಸಿ ಗಾಡಿಗಳಲ್ಲಿ 8 ಎಎಚ್, ಅದಕ್ಕಿಂತ ಜಾಸ್ತಿನೂ ಇರುತ್ತೆ.

ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಟ್ಯಾಂಕ್ ತುಂಬಿದ್ರೂ ಪೈಪ್ ಒಳಗೆ ಉಪ್ಪು ಕಟ್ಟಿದ್ರೆ ನಲ್ಲಿಯಲ್ಲಿ ಸಣ್ಣ ಧಾರೆ ಅಷ್ಟೇ ಬರೋದು. ಸಲ್ಫೇಟ್ ಕಟ್ಟಿದ ಬ್ಯಾಟರಿನೂ ಹಂಗೇ, ಸುಮ್ನೆ ಮೀಟರ್ ಇಟ್ರೆ 12.5 ತೋರಿಸುತ್ತೆ, ಹಾರ್ನ್ ಹೊಡಿಯುತ್ತೆ, ಇಂಡಿಕೇಟರ್ ಮಿನುಗುತ್ತೆ, ಸೆಲ್ಫ್ ಒತ್ತಿದ ತಕ್ಷಣ ಮಲಗಿಬಿಡುತ್ತೆ. "ಹಾರ್ನ್ ಚೆನ್ನಾಗೇ ಹೊಡಿತಿದೆ, ಬ್ಯಾಟರಿ ಸರಿ ಇದೆ" ಅನ್ನೋ ಲೆಕ್ಕ ಅದಕ್ಕೇ ತಪ್ಪು. ಹಾರ್ನ್‌ಗೆ ಬೇಕಿರೋದು ಕೆಲವೇ ಆಂಪಿಯರ್, ಸೆಲ್ಫ್ ಮೋಟರ್‌ಗೆ ಹತ್ತಾರು ಆಂಪಿಯರ್ ಒಂದೇ ಸಲಕ್ಕೆ ಬೇಕು.

ಸೆಲ್ಫ್ ಒತ್ತಿದಾಗ ಆ ಮೂರು ಸೆಕೆಂಡ್

ನೀವು ಒತ್ತೋ ಬಟನ್‌ನಲ್ಲಿ ಹರಿಯೋದು ತೀರಾ ಕಮ್ಮಿ ಕರೆಂಟ್. ಅದು ಹೋಗಿ ರಿಲೇ ಅನ್ನೋ ಒಂದು ಸ್ವಿಚ್ಚನ್ನ ಎಳೆಯುತ್ತೆ, ಆಗ "ಟಕ್" ಅನ್ನುತ್ತೆ, ಬ್ಯಾಟರಿಯಿಂದ ಬರೋ ದಪ್ಪ ವೈರ್ ಸೆಲ್ಫ್ ಮೋಟರ್‌ಗೆ ಕೂಡ್ಕೊಳ್ಳುತ್ತೆ, ಮೋಟರ್ ಎಂಜಿನ್‌ನ ತಿರುಗಿಸುತ್ತೆ. ಈಚಿನ ಕೆಲವು ಸ್ಕೂಟಿಗಳಲ್ಲಿ ಬೇರೆ ಸೆಲ್ಫ್ ಮೋಟರ್ರೇ ಇರಲ್ಲ, ಚಾರ್ಜ್ ಮಾಡೋ ಮ್ಯಾಗ್ನೆಟ್ಟೇ ಸೆಲ್ಫ್ ಮೋಟರ್ ಕೆಲಸಾನೂ ಮಾಡುತ್ತೆ, ಅದಕ್ಕೇ ಅವು ಸದ್ದಿಲ್ಲದೆ ಸ್ಟಾರ್ಟ್ ಆಗೋದು.

ಲೆಕ್ಕ ಹಾಕಿ ನೋಡಿ. ಮೋಟರ್ 40 ಆಂಪಿಯರ್ ಎಳೆಯುತ್ತೆ, ಮೂರು ಸೆಕೆಂಡ್ ತಿರುಗುತ್ತೆ ಅಂತ ಇಟ್ಕೊಂಡ್ರೆ ಖರ್ಚಾಗೋದು 0.03 ಎಎಚ್ ಅಷ್ಟೇ, 4 ಎಎಚ್ ಬ್ಯಾಟರಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಅಂದ್ರೆ ಚೆನ್ನಾಗಿರೋ ಗಾಡಿಯಲ್ಲಿ ಸೆಲ್ಫ್ ಹೊಡೆಯೋದರಿಂದ ಬ್ಯಾಟರಿ ಹಾಳಾಗುತ್ತೆ ಅನ್ನೋದು ಅಷ್ಟು ನಿಜ ಅಲ್ಲ. ಆದ್ರೆ ಪ್ಲಗ್ ಕೆಟ್ಟಿದ್ದೋ ಪೆಟ್ರೋಲ್ ಬರದೇನೋ ಗಾಡಿ ಹತ್ತದೇ ಇದ್ದಾಗ, ಹತ್ತತ್ತು ಸೆಕೆಂಡ್ ಐದು ಸಲ ಒತ್ತಿ ಹಿಡಿದ್ರೆ ಅರ್ಧ ಎಎಚ್‌ಗಿಂತ ಜಾಸ್ತಿ ಹೋಯ್ತು, ಮೋಟರ್ ಕೂಡ ಕಾದು ಹೋಗುತ್ತೆ. ಮೂರ್ನಾಲ್ಕು ಸೆಕೆಂಡ್ ಒತ್ತಿ, ಹತ್ತಲಿಲ್ಲ ಅಂದ್ರೆ ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ. ಆ ಗ್ಯಾಪ್‌ನಲ್ಲಿ ಬ್ಯಾಟರಿ ಸ್ವಲ್ಪ ಚೇತರಿಸ್ಕೊಳ್ಳುತ್ತೆ.

ಚಾರ್ಜ್ ಎಲ್ಲಿಂದ ಬರುತ್ತೆ

ಎಂಜಿನ್ ತಿರುಗಿದಾಗ ಅದರ ಜೊತೆ ಅಯಸ್ಕಾಂತ ಇರೋ ಒಂದು ಚಕ್ರ ತಿರುಗುತ್ತೆ, ಪಕ್ಕದಲ್ಲಿ ತಾಮ್ರದ ಕಾಯಿಲ್ ಇರುತ್ತೆ, ಅಲ್ಲಿ ಕರೆಂಟ್ ಹುಟ್ಟುತ್ತೆ. ಅದು ಮನೆ ಕರೆಂಟ್ ಥರ ಎಸಿ, ಅಂದ್ರೆ ದಿಕ್ಕು ಬದಲಿಸ್ತಾ ಹರಿಯೋದು, ಜೊತೆಗೆ ರೇಸ್ ಹೆಚ್ಚಾದಷ್ಟೂ ವೋಲ್ಟೇಜ್ ಏರುತ್ತೆ, ಅದನ್ನ ಸೀದಾ ಬ್ಯಾಟರಿಗೆ ಕೊಡೋಕಾಗಲ್ಲ. ಮಧ್ಯೆ ಆರ್‌ಆರ್ (ರೆಗ್ಯುಲೇಟರ್ ರೆಕ್ಟಿಫೈಯರ್) ಯೂನಿಟ್ ಅಂತ ಒಂದಿರುತ್ತೆ, ಅಲ್ಯೂಮಿನಿಯಂ ಡಬ್ಬಿ, ಮೇಲೆ ರೆಕ್ಕೆ ರೆಕ್ಕೆ ಇರುತ್ತೆ, ಬಿಸಿ ಹೊರಗೆ ಹೋಗ್ಲಿ ಅಂತ. ಅದು ಎಸಿನ ಒಂದೇ ದಿಕ್ಕಿಗೆ ಹರಿಯೋ ಡಿಸಿ ಮಾಡುತ್ತೆ, ವೋಲ್ಟೇಜ್‌ನ 14ರ ಹತ್ತಿರ ಕಟ್ಟಿಹಾಕುತ್ತೆ. ಅದು ಕಮ್ಮಿ ಕೊಟ್ರೆ ಬ್ಯಾಟರಿ ತುಂಬಲ್ಲ, 15 ದಾಟಿ ಕೊಟ್ರೆ ಒಳಗಿನ ನೀರು ಒಡೆದು ಗ್ಯಾಸ್ ಆಗಿ ಬ್ಯಾಟರಿ ಉಬ್ಬುತ್ತೆ, ಬಲ್ಬ್‌ಗಳು ಪದೇ ಪದೇ ಹೋಗ್ತಾವೆ.

ರಸ್ತೆಯಲ್ಲಿ ಚೆನ್ನಾಗಿ ಓಡ್ತಿರೋವಾಗ ಚಾರ್ಜ್ ಸರಿಯಾಗಿ ಬರುತ್ತೆ. ಸ್ಲೋದಲ್ಲಿ ನಿಂತಾಗ ಕಮ್ಮಿ ಬರುತ್ತೆ. ರೈಲ್ವೆ ಗೇಟ್ ಹಾಕಿದಾಗ ಎಂಜಿನ್ ಆಫ್ ಮಾಡದೆ ನಿಂತ್ಕೊಂಡು, 35 ವ್ಯಾಟ್‌ನ ಹೆಡ್‌ಲೈಟ್ ಸುಮಾರು 3 ಆಂಪಿಯರ್ ತಿಂತಾ, ಕಾಲು ಬ್ರೇಕ್ ಮೇಲೆ ಇದ್ದು ಹಿಂದಿನ ಲೈಟೂ ಉರಿತಾ, ಇಂಡಿಕೇಟರ್ ಬೇರೆ ಹಾಕಿದ್ರೆ, ಬರೋದಕ್ಕೂ ಹೋಗೋದಕ್ಕೂ ಸರಿಹೋಗುತ್ತೆ, ಎಷ್ಟೋ ಗಾಡಿಗಳಲ್ಲಿ ಹೋಗೋದೇ ಜಾಸ್ತಿ ಆಗುತ್ತೆ. ಎಲ್‌ಇಡಿ ಹೆಡ್‌ಲೈಟ್ ಇರೋ ಗಾಡಿಗಳಿಗೆ ಈ ಕಷ್ಟ ಕಮ್ಮಿ.

ಮೊದಲು ಶಬ್ದ ಕೇಳಿ

ಸೆಲ್ಫ್ ಒತ್ತಿದಾಗ ಬರೋ ಶಬ್ದವೇ ಅರ್ಧ ರೋಗ ಹೇಳುತ್ತೆ, ಇದಕ್ಕೆ ಮೀಟರ್ರೂ ಬೇಡ.

"ಟಿಕ್ ಟಿಕ್ ಟಿಕ್ ಟಿಕ್" ಅಂತ ಬೇಗ ಬೇಗ ಹೊಡ್ಕೊಂಡು ಮೀಟರ್ ಲೈಟ್ ಮಂಕಾಗ್ತಿದ್ರೆ ಬ್ಯಾಟರಿ ಡೌನ್ ಇದೆ, ಇಲ್ಲಾ ಟರ್ಮಿನಲ್ (ಬ್ಯಾಟರಿಗೆ ವೈರ್ ಸೇರೋ ಜಾಗ) ಸರಿಯಾಗಿ ಕೂತಿಲ್ಲ. ರಿಲೇ ಎಳ್ಕೊಳ್ಳುತ್ತೆ, ಮೋಟರ್ ಕರೆಂಟ್ ಕೇಳಿದ ತಕ್ಷಣ ವೋಲ್ಟೇಜ್ ಬಿದ್ದು ರಿಲೇ ಕೈಬಿಡುತ್ತೆ, ಮತ್ತೆ ಎಳ್ಕೊಳ್ಳುತ್ತೆ, ಆ ಆಟದ ಶಬ್ದ ಅದು. ಒಂದೇ ಒಂದು "ಟಕ್" ಬಂದು ಆಮೇಲೆ ಏನೂ ಇಲ್ಲ, ಲೈಟೂ ಮಂಕಾಗ್ತಿಲ್ಲ ಅಂದ್ರೆ ಬ್ಯಾಟರಿ ಮೇಲೆ ಅನುಮಾನ ಕಮ್ಮಿ ಮಾಡ್ಕೊಳ್ಳಿ. ರಿಲೇ ಒಳಗಿನ ಪಾಯಿಂಟ್ ಸುಟ್ಟಿರಬಹುದು, ಇಲ್ಲಾ ಸೆಲ್ಫ್ ಮೋಟರ್‌ನ ಕಾರ್ಬನ್ ಬ್ರಷ್ ಸವೆದಿರಬಹುದು. "ಗುರ್ರ್... ಗುರ್ರ್..." ಅಂತ ಎಳೆದೂ ಎಳೆದೂ ತಿರುಗ್ತಿದ್ರೆ ಬ್ಯಾಟರಿ ವೀಕ್. ಮೋಟರ್ ಮಾತ್ರ "ಜುಯ್ಯ್" ಅಂತ ಪುಕ್ಕಟೆ ತಿರುಗಿ ಎಂಜಿನ್ ಅಲ್ಲಾಡ್ತಾನೇ ಇಲ್ಲ ಅಂದ್ರೆ ಮೋಟರ್‌ನ ಎಂಜಿನ್‌ಗೆ ಕೂಡಿಸೋ ಒನ್ ವೇ ಕ್ಲಚ್ ಹೋಗಿದೆ, ಅದು ಮೆಕ್ಯಾನಿಕ್ ಕೆಲಸ, ಖರ್ಚೂ ಇದೆ.

ಎಂಜಿನ್ ಜೋರಾಗಿ ತಿರುಗ್ತಿದೆ ಆದ್ರೂ ಹತ್ತುತ್ತಿಲ್ಲ ಅಂದ್ರೆ ಬ್ಯಾಟರಿ ತನ್ನ ಕೆಲಸ ಮಾಡಿದೆ, ಪೆಟ್ರೋಲ್ ನೋಡಿ, ಪ್ಲಗ್ ನೋಡಿ. ಇಂಜೆಕ್ಷನ್ ಗಾಡಿಯಾದ್ರೆ ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ ಸಣ್ಣಗೆ ಪಂಪ್ ಶಬ್ದ ಬರುತ್ತಾ ಕೇಳಿಸ್ಕೊಳ್ಳಿ.

ಇನ್ನು ಏನೂ ಇಲ್ಲ, ಪೂರ್ತಿ ಮೌನ. ಜನ ಗಾಬರಿಯಾಗೋದು ಇದಕ್ಕೇ, ಆದ್ರೆ ಎಷ್ಟೋ ಸಲ ಪುಕ್ಕಟೆ ಸರಿಹೋಗೋದೂ ಇದೇ. ಕಿಲ್ ಸ್ವಿಚ್ ಆಫ್ ಆಗಿರುತ್ತೆ, ಮಕ್ಕಳು ಗಾಡಿ ಮೇಲೆ ಕೂತು ಆಡ್ತಾ ಒತ್ತಿರ್ತಾರೆ. ಸೈಡ್ ಸ್ಟ್ಯಾಂಡ್ ಕೆಳಗಿರುತ್ತೆ, ಇಲ್ಲಾ ಅದರ ಸೆನ್ಸರ್‌ಗೆ ಹೊಲದ ಕೆಸರು ಮೆತ್ಕೊಂಡು ಒಣಗಿರುತ್ತೆ. ಗೇರ್‌ನಲ್ಲಿದ್ದು ಕ್ಲಚ್ ಹಿಡಿದಿರಲ್ಲ, ಸ್ಕೂಟಿಯಾದ್ರೆ ಬ್ರೇಕ್ ಹಿಡಿದಿರಲ್ಲ. ಇವೆಲ್ಲ ಸರಿ ಇದ್ರೂ ಮೌನವೇ ಅಂದ್ರೆ ಬ್ಯಾಟರಿ ಪಕ್ಕದ ಫ್ಯೂಸ್ ನೋಡಿ, ಅದರ ಜೊತೆಗೇ ಒಂದು ಸ್ಪೇರ್ ಫ್ಯೂಸೂ ಸಾಮಾನ್ಯವಾಗಿ ಇಟ್ಟಿರ್ತಾರೆ. ಹೊಸ ಫ್ಯೂಸ್ ಹಾಕಿದ ತಕ್ಷಣ ಮತ್ತೆ ಹೋಯ್ತು ಅಂದ್ರೆ ಎಲ್ಲೋ ವೈರ್ ಶಾರ್ಟ್ ಆಗಿದೆ. ಆ ಜಾಗಕ್ಕೆ ತಂತಿ ಸುತ್ತಿ ಕಳಿಸೋರೂ ಇದಾರೆ, ದಯವಿಟ್ಟು ಬಿಡಬೇಡಿ, ಆಮೇಲೆ ಫ್ಯೂಸ್ ಬದಲು ವೈರಿಂಗೇ ಸುಡುತ್ತೆ.

ಮೀಟರ್ ಇಟ್ಟು ನೋಡೋದು ಹೆಂಗೆ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ ಸಾದಾ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ ಇಟ್ಕೊಳ್ಳಿ. ಹದಡಿ ರೋಡ್ ಕಡೆ ಒಂದು ಗ್ಯಾರೇಜಲ್ಲಿ ನಡೆದದ್ದನ್ನ ಹೇಳಿದ್ರೆ ಎಲ್ಲಾ ಟೆಸ್ಟೂ ಅದರಲ್ಲೇ ಬರುತ್ತೆ.

ಆನಗೋಡು ಕಡೆಯ ಹುಡುಗ ಒಬ್ಬ ಗಾಡಿ ತಳ್ಳಿಕೊಂಡು ಬಂದ. "ಬ್ಯಾಟರಿ ಹಾಕ್ಸಿ ಮೂರು ತಿಂಗಳಾಗಿಲ್ಲಣ್ಣ, ಡೂಪ್ಲಿಕೇಟ್ ಕೊಟ್ಟಾರೆ" ಅಂತ ಸಿಟ್ಟಲ್ಲಿದ್ದ. ಮೆಕ್ಯಾನಿಕ್ ಬೀಡಿ ಆರಿಸಿ ಎದ್ದು, "ಇರಪ್ಪಾ ತಮ್ಮಾ, ಬೈಯೋದು ಆಮೇಲೆ ಬೈಯುವಂತೆ, ಮೊದ್ಲು ಮೀಟರ್ ಏನ್ ಹೇಳ್ತೈತೆ ನೋಡಾಣ" ಅಂದ. ಗಾಡಿ ಆಫ್ ಇದ್ದಾಗ ಟರ್ಮಿನಲ್‌ಗೆ ಕಡ್ಡಿ ಮುಟ್ಟಿಸಿದ, 11.9. ರಾತ್ರಿಯಿಡೀ ನಿಂತ ಚೆನ್ನಾಗಿರೋ ಬ್ಯಾಟರಿ 12.6ರ ಮೇಲೆ ಇರಬೇಕು, 12.4 ಅಂದ್ರೆ ಮುಕ್ಕಾಲು ಚಾರ್ಜ್, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಹೆಚ್ಚುಕಮ್ಮಿ ಖಾಲಿ. ಮೆಕ್ಯಾನಿಕ್ ಆ ಬ್ಯಾಟರಿ ಬಿಚ್ಚಿಟ್ಟು ತನ್ನ ಹತ್ರ ಇದ್ದ ಒಳ್ಳೇ ಬ್ಯಾಟರಿ ಹಾಕಿದ, 12.7 ತೋರಿಸ್ತು. ಕಡ್ಡಿ ತೆಗೀದೇ ಸೆಲ್ಫ್ ಒತ್ತಿದ, 10.8ಕ್ಕೆ ಇಳಿದು ಗಾಡಿ ಹತ್ತಿ ಮತ್ತೆ ಮೇಲಕ್ಕೆ ಬಂತು. ಇದು ಎರಡನೇ ಟೆಸ್ಟ್, ಸೆಲ್ಫ್ ತಿರುಗುವಾಗ ವೋಲ್ಟೇಜ್ ಹತ್ತಕ್ಕಿಂತ ತುಂಬಾ ಕೆಳಗೆ ಬೀಳಬಾರದು. ಫುಲ್ ಚಾರ್ಜ್ ಮಾಡಿದ ಮೇಲೂ ಎಂಟಕ್ಕೆ ಏಳಕ್ಕೆ ಬೀಳೋದು ಅಂದ್ರೆ ಬ್ಯಾಟರಿ ಒಳಗಡೆ ಹೋಗಿದೆ.

ಆಮೇಲೆ ರೇಸ್ ಕೊಟ್ಟು ಹಿಡಿದ. ಮೀಟರ್ 14ಕ್ಕೆ ಹತ್ತಬೇಕಿತ್ತು, ಕನಿಷ್ಠ 13.5. ಹತ್ತಲಿಲ್ಲ, 12.5, 12.4 ಅಂತ ನಿಧಾನಕ್ಕೆ ಇಳಿತಾ ಹೋಯ್ತು. "ನೋಡಿದ್ಯಾ, ಚಾರ್ಜೇ ಬರ್ತಿಲ್ಲ, ಬ್ಯಾಟರಿ ಏನ್ ಮಾಡ್ತೈತೆ ಪಾಪ" ಅಂತ ಆರ್‌ಆರ್ ಯೂನಿಟ್‌ಗೆ ಹೋಗೋ ಪ್ಲಗ್ ಎಳೆದು ತೋರಿಸಿದ. ಬಿಳಿ ಪ್ಲಾಸ್ಟಿಕ್ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ಕರಗಿ ಗುಳಿ ಬಿದ್ದಿತ್ತು, ಮೂರು ಪಿನ್‌ನಲ್ಲಿ ಒಂದು ಕಪ್ಪಗೆ ಸುಟ್ಟು ಪುಡಿ ಉದುರ್ತಿತ್ತು, ವೈರ್ ಕೈಯಲ್ಲಿ ಬಗ್ಗಿಸಿದ್ರೆ ಪಟ್ಟನೆ ಮುರೀತು. ಹಳೇ ಬ್ಯಾಟರಿ ಹೋಗಿದ್ದೂ ಇದರಿಂದ್ಲೇ ಇರಬೇಕು, ಹೊಸದು ಹಾಕಿದಾಗ ಯಾರೂ ರೇಸ್ ಕೊಟ್ಟು ಮೀಟರ್ ಇಟ್ಟು ನೋಡಿಲ್ಲ. ಪ್ಲಗ್ ಬದಲಿಸಿ ನೋಡಿದ್ರೆ 14.1 ಬಂತು. "ಡೂಪ್ಲಿಕೇಟ್" ಬ್ಯಾಟರಿ ಚಾರ್ಜ್‌ಗೆ ಹಾಕಿದ್ಮೇಲೆ ಸರಿಯಾಗೇ ಕೆಲಸ ಮಾಡ್ತು.

ಇನ್ನೊಂದು ಟೆಸ್ಟ್ ಇದೆ, ಅದನ್ನ ಮಾಡೋರು ಕಮ್ಮಿ. ಮೀಟರ್ ಕಡ್ಡಿನ ಮೊದ್ಲು ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೇ ಇಟ್ಟು ಸೆಲ್ಫ್ ಒತ್ತಿ, ಆಮೇಲೆ ಅದಕ್ಕೆ ಬೋಲ್ಟ್ ಆಗಿರೋ ವೈರ್‌ನ ತುದಿ ಮೇಲೆ ಇಟ್ಟು ಒತ್ತಿ. ಎರಡೂ ಒಂದೇ ಬರಬೇಕು. ಟರ್ಮಿನಲ್ ಮೇಲೆ 11, ವೈರ್ ತುದಿಯಲ್ಲಿ 9 ಅಂದ್ರೆ ಮಧ್ಯೆ ಇರೋ ಕಿಲುಬು ಎರಡು ವೋಲ್ಟ್ ನುಂಗ್ತಿದೆ ಅಂತ. ಬಿಳಿ, ಹಸಿರು ಪುಡಿ ಕೂತಿರುತ್ತಲ್ಲ, ಅದೇ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಬೋಲ್ಟ್ ಟೈಟ್ ಮಾಡಿ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದ್ಲು ಮೈನಸ್ ಬಿಚ್ಚಬೇಕು, ಹಾಕುವಾಗ ಪ್ಲಸ್ ಮೊದ್ಲು. ಗಾಡಿಯ ಚಾಸಿಸ್ ಪೂರ್ತಿ ಮೈನಸ್‌ಗೆ ಸೇರಿರುತ್ತೆ, ಮೈನಸ್ ಬಿಚ್ಚದೇ ಪ್ಲಸ್‌ಗೆ ಸ್ಪ್ಯಾನರ್ ಹಾಕಿ ಅದು ಚಾಸಿಸ್‌ಗೆ ತಗಲಿದ್ರೆ ಅಲ್ಲೇ ಬೆಂಕಿ ಕಿಡಿ.

ಬೇಗ ಸಾಯೋದು ಯಾಕೆ

ಊರೊಳಗಿನ ಸಣ್ಣ ಸಣ್ಣ ಓಡಾಟ ಮೊದಲ ಕಾರಣ. ವಿದ್ಯಾನಗರದಿಂದ ಮಂಡಿಪೇಟೆಗೆ ಬಂದು ಎರಡು ಅಂಗಡಿ ಮುಂದೆ ನಿಲ್ಲಿಸಿ, ಬೆಣ್ಣೆ ದೋಸೆಗೆ ಒಂದು ಕಡೆ ನಿಲ್ಲಿಸಿ ಮನೆಗೆ ಹೋಗೋ ಗಾಡಿಗೆ ನಾಲ್ಕೈದು ಸಲ ಸೆಲ್ಫ್ ಹೊಡೆತ ಬೀಳುತ್ತೆ, ಮಧ್ಯೆ ಸ್ಪೀಡಾಗಿ ಓಡೋದು ಕಮ್ಮಿ. ದಿನಾ ಸ್ವಲ್ಪ ಸ್ವಲ್ಪ ಬಾಕಿ ಉಳಿತಾ ಹೋಗುತ್ತೆ. ದಿನಾ ಹರಿಹರಕ್ಕೋ ಚನ್ನಗಿರಿಗೋ ಓಡೋ ಗಾಡಿಯ ಬ್ಯಾಟರಿ ಜಾಸ್ತಿ ಬಾಳಿಕೆ ಬರೋದು ಇದಕ್ಕೇ. ವಾರಕ್ಕೊಂದು ಸಲ ಬಾತಿ ಕಡೆಗೋ ಹೈವೇ ಕಡೆಗೋ ಅರ್ಧ ಗಂಟೆ ಒಂದೇ ಸಮ ಓಡಿಸಿದ್ರೆ ಎಷ್ಟೋ ಸರಿಹೋಗುತ್ತೆ. ಮನೆ ಮುಂದೆ ಐದು ನಿಮಿಷ ಸ್ಲೋದಲ್ಲಿ ಆನ್ ಮಾಡಿ ಇಡೋದರಿಂದ ಏನೂ ಆಗಲ್ಲ, ಸೆಲ್ಫ್‌ಗೆ ಹೋದದ್ದೂ ವಾಪಸ್ ಬರೋದು ಅನುಮಾನ.

ಎರಡನೇದು ನಿಲ್ಲಿಸಿ ಬಿಡೋದು. ರೈಲ್ವೆ ಸ್ಟೇಷನ್ ಸ್ಟ್ಯಾಂಡಲ್ಲಿ ಗಾಡಿ ಹಾಕಿ ಬೆಂಗಳೂರಿಗೆ ಹೋಗಿ ಎರಡು ವಾರ ಬಿಟ್ಟು ಬರೋರಿಗೆ ಇದು ಗೊತ್ತು. ಬ್ಯಾಟರಿ ತಾನೇ ತಾನಾಗಿ ಇಳಿಯೋದು ನಿಧಾನ, ತಿಂಗಳಿಗೆ ನೂರಕ್ಕೆ ನಾಲ್ಕೈದು ಪಾಲು. ಆದ್ರೆ ಮೇಲಿಂದ ಹಾಕಿಸಿರೋ ಜಿಪಿಎಸ್ ಟ್ರ್ಯಾಕರ್, ಅಲಾರಂ ಇವು ಕೀ ಆಫ್ ಆದ್ರೂ ತಿಂತಾನೇ ಇರ್ತಾವೆ. ಬರೀ 20 ಮಿಲಿ ಆಂಪಿಯರ್ ಎಳೆದ್ರೂ ದಿನಕ್ಕೆ 0.48 ಎಎಚ್, 4 ಎಎಚ್ ಬ್ಯಾಟರಿ ಎಂಟು ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ತಿರುಗಿಸೋ ಶಕ್ತಿ ಅದಕ್ಕೂ ಮುಂಚೆನೇ ಹೋಗಿರುತ್ತೆ. ತುಂಬಾ ದಿನ ನಿಲ್ಲಿಸೋದಿದ್ರೆ ಮೈನಸ್ ವೈರ್ ಬಿಚ್ಚಿಟ್ಟು ಹೋಗೋದು ಒಳ್ಳೇದು. ಫಾಗ್ ಲೈಟ್, ಡಬಲ್ ಹಾರ್ನ್, ಮೊಬೈಲ್ ಚಾರ್ಜರ್ ಹಾಕಿಸ್ಕೊಳ್ಳೋರೂ ಇದೇ ಲೆಕ್ಕ ನೋಡ್ಬೇಕು, ಕಾಯಿಲ್ ಹುಟ್ಟಿಸೋದು ಕಂಪನಿ ಕೊಟ್ಟಿರೋ ಲೈಟ್‌ಗೆ ಎಷ್ಟು ಬೇಕೋ ಅದರ ಮೇಲೆ ಸ್ವಲ್ಪ ಅಷ್ಟೇ.

ಮೂರನೇದು ಬಿಸಿಲು, ಇದು ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ದೊಡ್ಡದು. ಬ್ಯಾಟರಿ ಒಳಗಿನ ಬಿಸಿ ಎಂಟು-ಹತ್ತು ಡಿಗ್ರಿ ಏರಿದಂಗೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ ಅನ್ನೋದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿರೋ ಲೆಕ್ಕ. ಏಪ್ರಿಲ್‌ನಲ್ಲಿ ಚಳ್ಳಕೆರೆ, ಹಿರಿಯೂರು ಕಡೆ, ದಾವಣಗೆರೆಯಲ್ಲೂ 40ರ ಹತ್ತಿರ ಹೋಗುತ್ತೆ, ಸೀಟ್ ಕೆಳಗೆ ಎಂಜಿನ್ ಪಕ್ಕ ಅದಕ್ಕಿಂತ ಜಾಸ್ತಿ. ತಮಾಷೆ ಏನಂದ್ರೆ ಬೇಸಿಗೆಯಲ್ಲಿ ಬ್ಯಾಟರಿ ಹಾಳಾಗಿರೋದು ಬೇಸಿಗೆಯಲ್ಲಿ ಗೊತ್ತಾಗಲ್ಲ, ಯಾಕಂದ್ರೆ ಬಿಸಿಯಲ್ಲಿ ರಸಾಯನ ಚುರುಕಾಗಿರುತ್ತೆ, ಎಂಜಿನ್ ಆಯಿಲ್ ತೆಳ್ಳಗಿರುತ್ತೆ, ಸೆಲ್ಫ್ ಸಲೀಸಾಗಿ ತಗೊಳ್ಳುತ್ತೆ. ಡಿಸೆಂಬರ್‌ನಲ್ಲಿ ದುರ್ಗದ ಕಡೆ ಬೆಳಗಿನ ಚಳಿಗೆ ಆಯಿಲ್ ದಪ್ಪ ಆಗಿ, ಬ್ಯಾಟರಿನೂ ಮಂದ ಆದಾಗ ಬೇಸಿಗೆಯ ಏಟು ಹೊರಗೆ ಬರುತ್ತೆ, ಜನ ಚಳಿನ ಬೈತಾರೆ.

ದಾರಿಯಲ್ಲಿ ಕೈ ಕೊಟ್ರೆ

ಗೇರ್ ಬೈಕ್ ಆದ್ರೆ ಕೀ ಆನ್ ಮಾಡಿ, ಎರಡನೇ ಗೇರ್ ಹಾಕಿ, ಕ್ಲಚ್ ಹಿಡಿದು ತಳ್ಳಿ, ಸ್ಪೀಡ್ ಬಂದಾಗ ಕ್ಲಚ್ ಬಿಡೋದು, ಇದು ಎಲ್ಲರಿಗೂ ಗೊತ್ತು. ಇಂಜೆಕ್ಷನ್ ಗಾಡಿಯಲ್ಲೂ ಇದು ನಡೆಯುತ್ತೆ, ಆದ್ರೆ ಪಂಪ್ ಮತ್ತು ಕಂಪ್ಯೂಟರ್‌ಗೆ ಸಾಕಾಗೋಷ್ಟಾದ್ರೂ ಬ್ಯಾಟರಿ ಉಳಿದಿರಬೇಕು. ಕೀ ಆನ್ ಮಾಡಿದ್ರೆ ಮೀಟರ್ ಲೈಟೂ ಬರಲ್ಲ ಅಂದ್ರೆ ಬಹುತೇಕ ಗಾಡಿಗಳಲ್ಲಿ ತಳ್ಳಿ ಬೆವರು ಸುರಿಸಿದ್ದಷ್ಟೇ ಲಾಭ. ಸ್ಕೂಟಿನ ತಳ್ಳಿ ಸ್ಟಾರ್ಟ್ ಮಾಡೋಕೆ ಆಗೋದೇ ಇಲ್ಲ, ಅದರ ಬೆಲ್ಟ್ ಕ್ಲಚ್ ಎಂಜಿನ್ ತಿರುಗಿದಾಗ ಮಾತ್ರ ಕಚ್ಕೊಳ್ಳೋದು, ಅದಕ್ಕೆ ಕಿಕ್ಕರ್ ಇದ್ರೆ ಉಂಟು ಇಲ್ಲಾಂದ್ರೆ ಇಲ್ಲ.

ಬೇರೆ ಗಾಡಿಯಿಂದ ಕೇಬಲ್ ಕೊಡೋದಾದ್ರೆ ಇನ್ನೊಂದು ಬೈಕ್, ಕಾರ್, ಟ್ರ್ಯಾಕ್ಟರ್ ಯಾವುದಾದ್ರೂ 12 ವೋಲ್ಟ್‌ದು ಆಗುತ್ತೆ. ಕಾರಿನ ಬ್ಯಾಟರಿ ದೊಡ್ಡದು ಅಂತ ಹೆದರಬೇಕಿಲ್ಲ, ಸೆಲ್ಫ್ ಮೋಟರ್ ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ, ಆದ್ರೆ ಕಾರಿನ ಎಂಜಿನ್ ಆಫ್ ಇರ್ಲಿ. ಕೆಂಪು ಕೇಬಲ್ ಎರಡೂ ಪ್ಲಸ್‌ಗೆ, ಕಪ್ಪು ಒಂದು ತುದಿ ಒಳ್ಳೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನಿಮ್ಮ ಬೈಕಿನ ಎಂಜಿನ್‌ನ ಬಣ್ಣ ಇಲ್ಲದ ಲೋಹಕ್ಕೆ. ಬ್ಯಾಟರಿ ಹತ್ರಾನೇ ಕಿಡಿ ಹಾರಬಾರದು, ಅದರಿಂದ ಹೈಡ್ರೋಜನ್ ಬರುತ್ತೆ, ಹೊತ್ತಿಕೊಳ್ಳೋ ಗ್ಯಾಸ್ ಅದು. ನಮ್ಮ ಹೈವೇಲಿ ಸಹಾಯಕ್ಕೆ ಮೊದ್ಲು ನಿಲ್ಲೋರು ಲಾರಿಯವರು, ಒಳ್ಳೇ ಜನ, ಆದ್ರೆ ದೊಡ್ಡ ಲಾರಿಗಳದು 24 ವೋಲ್ಟ್. ಅದನ್ನ ಬೈಕಿಗೆ ಕೊಟ್ರೆ ಕಂಪ್ಯೂಟರ್, ಮೀಟರ್, ಬಲ್ಬ್ ಎಲ್ಲಾ ಒಂದೇ ಏಟಿಗೆ ಹೋಗಬಹುದು.

ನೀರು ಹಾಕೋದು, ಚಾರ್ಜ್ ಮಾಡ್ಸೋದು

ಮುಚ್ಚಳ ಇರೋ ಬ್ಯಾಟರಿಗೆ ಡಬ್ಬಿ ಮೇಲಿನ ಎರಡು ಗೆರೆ ಮಧ್ಯೆ ನೀರಿರಬೇಕು, ಡಿಸ್ಟಿಲ್ಡ್ ವಾಟರ್ ಮಾತ್ರ. ಚಿತ್ರದುರ್ಗ, ಜಗಳೂರು ಕಡೆಯ ಬೋರ್ ನೀರು ಸ್ಟೀಲ್ ಪಾತ್ರೆಗೇ ಬಿಳಿ ಕಟ್ಟುತ್ತೆ, ಪ್ಲೇಟ್‌ಗೆ ಬಿಡುತ್ತಾ. ಆಸಿಡ್ ಹಾಕೋದು ಬೇಡ, ಆವಿಯಾಗಿ ಹೋಗಿರೋದು ನೀರು, ಆಸಿಡ್ ಒಳಗೇ ಇದೆ.

ಹೊರಗೆ ಚಾರ್ಜ್‌ಗೆ ಕೊಡೋದಾದ್ರೆ ಒಂದು ಮಾತು ಕೇಳಿ ಕೊಡಿ. ಬೈಕ್ ಬ್ಯಾಟರಿನ ಅದರ ಎಎಚ್‌ನ ಹತ್ತನೇ ಒಂದು ಭಾಗದ ಕರೆಂಟಲ್ಲಿ ಚಾರ್ಜ್ ಮಾಡ್ಬೇಕು, 4 ಎಎಚ್ ಆದ್ರೆ 0.4 ಆಂಪಿಯರ್, ಅಂದ್ರೆ ರಾತ್ರಿಯಿಡೀ ಇಡಬೇಕು. ಕಾರು, ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಲ್ಲಿ ಸೀರೀಸ್ ಹಾಕಿಬಿಟ್ರೆ ಅವುಗಳ 4-5 ಆಂಪಿಯರ್ರೇ ಇದರಲ್ಲೂ ಹರಿಯುತ್ತೆ, ಒಂದು ಗಂಟೆಲಿ ಬಿಸಿಯಾಗಿ "ಫುಲ್ ಆಯ್ತು" ಅಂತ ವಾಪಸ್ ಬರುತ್ತೆ, ವಾರದಲ್ಲಿ ಮಲಗುತ್ತೆ.

ಹೊಸದೇ ಬೇಕು ಅಂದ್ರೆ

ಮೂರ್ನಾಲ್ಕು ವರ್ಷ ಆಗಿದೆ, ಚಾರ್ಜಿಂಗ್ ಸರಿ ಇದೆ, ಫುಲ್ ಚಾರ್ಜ್ ಮಾಡಿದ್ರೂ ಸೆಲ್ಫ್ ಒತ್ತಿದಾಗ ವೋಲ್ಟೇಜ್ ಕುಸಿತಿದೆ ಅಂದ್ರೆ ಅದರ ಕಾಲ ಮುಗೀತು, ಬದಲಿಸಿ. ಕಂಪನಿ ಹೇಳಿರೋ ಎಎಚ್ಚೇ ತಗೊಳ್ಳಿ. ದೊಡ್ಡದು ಹಾಕಿಸಿದ್ರೆ ಟ್ಯಾಂಕ್ ದೊಡ್ಡದಾಗುತ್ತೆ ನಿಜ, ತುಂಬಿಸೋ ನಲ್ಲಿ ಅದೇ ಹಳೇದು. ಹಗುರ ಅಂತ ಲಿಥಿಯಂ ಬ್ಯಾಟರಿ ಹಾಕಿಸೋರೂ ಇದಾರೆ, ಚಾರ್ಜಿಂಗ್ ವೋಲ್ಟೇಜ್ ಸ್ವಲ್ಪ ಜಾಸ್ತಿ ಆದ್ರೂ ಅದು ಸಹಿಸಲ್ಲ, ಆರ್‌ಆರ್ ಯೂನಿಟ್ ಪಕ್ಕಾ ಇದ್ರೆ ಮಾತ್ರ ಆ ಕಡೆ ಹೋಗಿ.

ಅಂಗಡಿಯಲ್ಲಿ ತಯಾರಾದ ತಿಂಗಳು ನೋಡಿ, ವರ್ಷಗಟ್ಲೆ ಶೆಲ್ಫ್ ಮೇಲೆ ಕೂತಿದ್ದು ಅರ್ಧ ಸತ್ತೇ ಬರುತ್ತೆ. ಎದುರಿಗೇ ಮೀಟರ್ ಇಡಿಸಿ, 12.6ಕ್ಕಿಂತ ಕಮ್ಮಿ ಇದ್ರೆ ಚಾರ್ಜ್ ಮಾಡಿಸಿ ತಗೊಳ್ಳಿ. ಅಂಗಡಿಯಲ್ಲೇ ಆಸಿಡ್ ತುಂಬೋ ಥರದ್ದಾದ್ರೆ ತುಂಬಿದ ತಕ್ಷಣ ಗಾಡಿಗೆ ಹಾಕಿಸ್ಕೊಂಡು ಓಡಬೇಡಿ, ಮೊದಲ ಚಾರ್ಜ್ ಪೂರ್ತಿ ಆಗ್ಲಿ. ವಾರಂಟಿಯಲ್ಲಿ ಎರಡು ಭಾಗ ಇರುತ್ತೆ, ಮೊದಲ ಭಾಗದಲ್ಲಿ ಹೋದ್ರೆ ಹೊಸದು ಫ್ರೀ, ಎರಡನೇದರಲ್ಲಿ ಹೋದ್ರೆ ಬಳಸಿದ ತಿಂಗಳ ಲೆಕ್ಕ ಕಳೆದು ಡಿಸ್ಕೌಂಟ್ ಕೊಡ್ತಾರೆ, ಅದಕ್ಕೆ ಪ್ರೊರೇಟಾ ಅಂತಾರೆ. "ನಾಲ್ಕು ವರ್ಷ ವಾರಂಟಿ" ಅಂದಾಗ ಅದರಲ್ಲಿ ಫ್ರೀ ಎಷ್ಟು ತಿಂಗಳು ಅಂತ ಕೇಳಿ, ಕಾರ್ಡಿಗೆ ಸೀಲು, ತಾರೀಖು ಹಾಕಿಸಿ. ಫಿಟ್ ಮಾಡಿದ ಮೇಲೆ ಅಲ್ಲೇ ಗಾಡಿ ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ಮೀಟರ್ ನೋಡಿಸಿ, ಎರಡು ನಿಮಿಷದ ಕೆಲಸ.

ಹಳೇದನ್ನ ಅಲ್ಲೇ ಕೊಟ್ಟು ಬನ್ನಿ. ಸೀಸ, ಪ್ಲಾಸ್ಟಿಕ್ ಎರಡನ್ನೂ ಮತ್ತೆ ಬಳಸ್ತಾರೆ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ತಗೊಂಡು ಮರುಬಳಕೆಗೆ ಕಳಿಸೋ ಜವಾಬ್ದಾರಿ ತಯಾರಿಸೋರದ್ದು. ಗುಜರಿಯವರಿಗೆ ಕೊಟ್ರೆ ಎಷ್ಟೋ ಕಡೆ ಆಸಿಡ್‌ನ ಚರಂಡಿಗೆ ಸುರಿದು ಸೀಸ ಮಾತ್ರ ತಗೋತಾರೆ. ಅಂಗಡಿಯವರು ಹಳೇ ಬ್ಯಾಟರಿಗೆ ಒಂದಿಷ್ಟು ದುಡ್ಡು ಕಳೆದೇ ಬಿಲ್ ಮಾಡೋದು ವಾಡಿಕೆ, ಕಳೆದಿಲ್ಲ ಅಂದ್ರೆ ಕೇಳಿ ಕಳೆಸ್ಕೊಳ್ಳಿ.